ಕ್ರಿಪ್ಟೊ ಎಕ್ಸ್‌ಚೇಂಜ್‌ಗಳ ಹಳೆಯ ದರಗಳನ್ನು ಎಪಿಐ ಮೂಲಕ ಇಳಿಸಿಕೊಳ್ಳುವ ಬಗೆ

ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿಯ ದಿನದ ಧಾರಣೆ ಎಂದರೆ ಮೂರು ಅಂಕಿ: ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಾಟವಾದ ದರ). ಕ್ರಿಪ್ಟೊ ಎಕ್ಸ್‌ಚೇಂಜ್‌ಗಳ ಲೆಕ್ಕ ಬೇರೆ. ಒಂದು ಅವಧಿಯ ಮೊದಲ ದರ, ಅತಿ ಹೆಚ್ಚು, ಅತಿ ಕಡಿಮೆ, ಕೊನೆಯ ದರ, ಕೈಬದಲಾದ ಪ್ರಮಾಣ, ಇವು ಸೇರಿ ಒಂದು ಕ್ಯಾಂಡಲ್. ಮಾದರಿ ದರಕ್ಕೆ ಸಮನಾದದ್ದು ಇದರಲ್ಲಿಲ್ಲ; ಕೊನೆಯ ದರವನ್ನು ಅದರ ಜಾಗದಲ್ಲಿಟ್ಟು ಓದಬೇಡಿ. ಕಲಬುರಗಿ, ಬೀದರ್‌ನ ಕಾಲೇಜುಗಳಲ್ಲಿ ಪ್ರಾಜೆಕ್ಟ್‌ಗೆ ಈ ಡೇಟಾ ಬೇಕಾದವರು ಮೊದಲೇ ತಿಳಿದಿರಬೇಕಾದ ಮಾತೊಂದಿದೆ: ಇಳಿಸಿಕೊಳ್ಳುವುದು ಅರ್ಧ ಗಂಟೆಯ ಕೆಲಸ, ಇಳಿದದ್ದು ಸರಿಯಿದೆಯೇ ಎಂದು ನೋಡುವುದು ನಿಜವಾದ ಕೆಲಸ. ತಪ್ಪು ಡೇಟಾ ಎರರ್ ತೋರಿಸುವುದಿಲ್ಲ, ಗ್ರಾಫ್ ಚೆಂದವಾಗಿಯೇ ಬರುತ್ತದೆ.

ಬೈನಾನ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಆರಂಭಿಸುವುದು ಸುಲಭ. ಎಪಿಐ ಎಂದರೆ ನಮ್ಮ ಪ್ರೋಗ್ರಾಂ ನೇರವಾಗಿ ಎಕ್ಸ್‌ಚೇಂಜ್‌ನಿಂದ ಡೇಟಾ ಕೇಳಿ ಪಡೆಯುವ ದಾರಿ. ಮಾರುಕಟ್ಟೆ ಡೇಟಾಗೆ ಖಾತೆಯೂ ಬೇಡ, ಎಪಿಐ ಕೀಯೂ (ಖಾತೆಯನ್ನು ಗುರುತಿಸುವ ಗುಪ್ತ ಸಂಕೇತ) ಬೇಡ. ಹಳೆಯ ದರ ಕೊಡುತ್ತೇವೆ, ನಿಮ್ಮ ಕೀ ಮತ್ತು ಸೀಕ್ರೆಟ್ ಕಳಿಸಿ ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಈ ಕೆಲಸಕ್ಕೆ ಅವು ಬೇಕಾಗುವುದೇ ಇಲ್ಲ. ಕರೆಯಬೇಕಾದದ್ದು ಕೆಲೈನ್ಸ್ (klines) ಎಂಬ ಎಂಡ್‌ಪಾಯಿಂಟ್, ಅಂದರೆ ಕ್ಯಾಂಡಲ್‌ಗಳನ್ನು ಕೊಡುವ ಎಪಿಐ ವಿಳಾಸ. ಅದಕ್ಕೆ ಸಿಂಬಲ್ (ಯಾವ ಕಾಯಿನ್ ಜೋಡಿ), ಇಂಟರ್ವಲ್ (ಕ್ಯಾಂಡಲ್‌ನ ಅವಧಿ), ಸ್ಟಾರ್ಟ್‌ಟೈಮ್, ಎಂಡ್‌ಟೈಮ್, ಲಿಮಿಟ್ (ಎಷ್ಟು ಸಾಲು) ಕೊಡಬೇಕು. ಲಿಮಿಟ್ ಬಿಟ್ಟರೆ 500 ಸಾಲು ಬರುತ್ತವೆ, ಗರಿಷ್ಠ 1000. ಇಂಟರ್ವಲ್‌ನಲ್ಲಿ 1ರ ಮುಂದೆ ಸಣ್ಣ ಎಮ್ ಬರೆದರೆ ಒಂದು ನಿಮಿಷ, ದೊಡ್ಡ ಎಮ್ ಬರೆದರೆ ಒಂದು ತಿಂಗಳು. ಸಾವಿರಾರು ಸಾಲು ಬರಬೇಕಾದಲ್ಲಿ ಬೆರಳೆಣಿಕೆಯಷ್ಟು ಬಂದರೆ ಮೊದಲು ಈ ಅಕ್ಷರ ನೋಡಿ.

ಒಂದು ವರ್ಷದ ನಿಮಿಷದ ಕ್ಯಾಂಡಲ್‌ಗಳು 5,25,600. ಸಾವಿರದಂತೆ ಕೇಳಿದರೆ 526 ಕರೆ. ಗಂಟೆಯ ಕ್ಯಾಂಡಲ್ ಸಾಕೆಂದರೆ 8,760 ಸಾಲು, 9 ಕರೆಗೆ ಮುಗಿಯುತ್ತದೆ. ಬಹಳಷ್ಟು ಪ್ರಾಜೆಕ್ಟ್‌ಗಳಿಗೆ ಗಂಟೆಯದೇ ಸಾಕು. ಪೈಥಾನ್‌ನಲ್ಲಿ ಲೂಪ್ ಬರೆಯುವಾಗ ಬಂದ ಕೊನೆಯ ಸಾಲಿನ ಆರಂಭದ ಸಮಯಕ್ಕೆ ಒಂದು ಅವಧಿ ಕೂಡಿಸಿ (ನಿಮಿಷಕ್ಕೆ 60,000 ಮಿಲಿಸೆಕೆಂಡ್) ಮುಂದಿನ ಸ್ಟಾರ್ಟ್‌ಟೈಮ್ ಮಾಡಿ. ಕೂಡಿಸದೆ ಬಿಟ್ಟರೆ ಪ್ರತಿ ಕರೆಯ ಗಡಿಯಲ್ಲೂ ಒಂದು ಸಾಲು ಎರಡು ಸಲ ಬರುತ್ತದೆ. ಖಾಲಿ ಪಟ್ಟಿ ಬಂದಾಗ ಲೂಪ್ ನಿಲ್ಲಲಿ. ದರಗಳು ಪಠ್ಯವಾಗಿ ಬರುತ್ತವೆ, ಸಂಖ್ಯೆಗೆ ಬದಲಿಸಿಕೊಳ್ಳದೆ ಹೋಲಿಸಿದರೆ 9 ಎಂಬುದು 10ಕ್ಕಿಂತ ದೊಡ್ಡದಾಗಿಬಿಡುತ್ತದೆ.

ಬೈನಾನ್ಸ್ ಪ್ರತಿ ಕರೆಗೂ ಒಂದು ತೂಕ ಎಣಿಸುತ್ತದೆ. ಕೆಲೈನ್ಸ್‌ಗೆ 2, ನಿಮಿಷಕ್ಕೆ ಒಟ್ಟು ಮಿತಿ 6,000. ಒಬ್ಬರಿಗೆ ಇದು ಧಾರಾಳ. ಆದರೆ ಈ ಎಣಿಕೆ ಐಪಿ ವಿಳಾಸದ ಮೇಲೆ ನಡೆಯುತ್ತದೆ. ಹಾಸ್ಟೆಲ್ ವೈಫೈಯಲ್ಲೋ ಲ್ಯಾಬ್‌ನಲ್ಲೋ ಮೂವತ್ತು ಜನ ಒಂದೇ ಐಪಿಯಿಂದ ಓಡಿಸಿದರೆ ಎಲ್ಲರದೂ ಒಂದೇ ಲೆಕ್ಕಕ್ಕೆ ಸೇರುತ್ತದೆ. 429 ಎಂಬ ಎರರ್ ಸಂಖ್ಯೆ (ಮಿತಿ ಮೀರಿದೆ ಎಂಬ ಸೂಚನೆ) ಬಂದರೆ ನಿಲ್ಲಿಸಿ, ಉತ್ತರದ ಹೆಡರ್‌ನಲ್ಲಿ ರೀಟ್ರೈ-ಆಫ್ಟರ್ ಹೇಳಿದಷ್ಟು ಸೆಕೆಂಡ್ ಕಾಯಿರಿ. ಕಾಯದೆ ಮತ್ತೆ ಮತ್ತೆ ಕೇಳಿದರೆ 418 ಬರುತ್ತದೆ. ಅಂದರೆ ಐಪಿಗೇ ತಡೆ, ಎರಡು ನಿಮಿಷದಿಂದ ಮೂರು ದಿನದವರೆಗೆ. ಒಬ್ಬರ ಅವಸರಕ್ಕೆ ಇಡೀ ಲ್ಯಾಬ್ ಕಾಯಬೇಕಾಗುತ್ತದೆ. ಒಬ್ಬರು ಇಳಿಸಿ ಉಳಿದವರಿಗೆ ಹಂಚುವುದೇ ಸರಿ.

ಹಲವು ವರ್ಷಗಳದು ಬೇಕಿದ್ದರೆ ಎಪಿಐ ಬಿಟ್ಟು ಬೈನಾನ್ಸ್‌ನ ಸಾರ್ವಜನಿಕ ಡೇಟಾ ಸಂಗ್ರಹದಿಂದ ತಿಂಗಳ ಜಿಪ್ ಫೈಲ್‌ಗಳನ್ನು ತೆಗೆದುಕೊಳ್ಳಿ. ಪ್ರತಿ ಫೈಲ್ ಜೊತೆ ಚೆಕ್‌ಸಮ್ (ಫೈಲ್‌ನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು) ಇರುತ್ತದೆ, ತಾಳೆ ನೋಡಿ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋದೀತು ಹೇಳಲಾಗದು, ಅರ್ಧಕ್ಕೆ ನಿಂತ ಫೈಲ್ ಇದರಿಂದ ಸಿಕ್ಕಿಬೀಳುತ್ತದೆ. ಎಪಿಐಯಿಂದಲೇ ಇಳಿಸುವವರು ತಿಂಗಳಿಗೊಂದು ಫೈಲ್ ಮಾಡಿ, ತಾತ್ಕಾಲಿಕ ಹೆಸರಲ್ಲಿ ಬರೆದು, ಪೂರ್ತಿಯಾದ ಮೇಲೆ ಹೆಸರು ಬದಲಿಸಲಿ.

ಇನ್ನು ಸಮಯ. ಹೆಚ್ಚು ಎಡವುವುದು ಇಲ್ಲಿಯೇ. ಎಲ್ಲ ಲೆಕ್ಕವೂ ಯುಟಿಸಿಯಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ. ಸಮಯ ಬರುವುದು 1970ರ ಜನವರಿ 1ರಿಂದ ಎಣಿಸಿದ ಒಂದು ಸಂಖ್ಯೆಯಾಗಿ. ಬೈನಾನ್ಸ್‌ನ ದಿನದ ಕ್ಯಾಂಡಲ್ ನಮ್ಮಲ್ಲಿ ಬೆಳಗಿನ 5:30ಕ್ಕೆ ತೆರೆದು ಮರುದಿನ 5:30ಕ್ಕೆ ಮುಚ್ಚುತ್ತದೆ. 2024ರ ಜನವರಿ 1ರ ಯುಟಿಸಿ ಮಧ್ಯರಾತ್ರಿ ಎಂದರೆ 1704067200000; ನಮ್ಮ ಮಧ್ಯರಾತ್ರಿ 1704047400000. ನಿಮ್ಮ ಕೋಡ್ ಈ ಎರಡನ್ನೂ ಸರಿಯಾಗಿ ಬದಲಿಸುತ್ತದೆಯೇ ಎಂದು ಮೊದಲು ಪರೀಕ್ಷಿಸಿ. ಅಂಕೆಗಳನ್ನೂ ಎಣಿಸಿ: 10 ಇದ್ದರೆ ಸೆಕೆಂಡ್, 13 ಇದ್ದರೆ ಮಿಲಿಸೆಕೆಂಡ್, 16 ಇದ್ದರೆ ಮೈಕ್ರೋಸೆಕೆಂಡ್. ಬೈನಾನ್ಸ್‌ನ ಜಿಪ್‌ಗಳಲ್ಲಿ ಸ್ಪಾಟ್ (ತಕ್ಷಣದ ಕೊಡುಕೊಳ್ಳುವಿಕೆಯ) ಡೇಟಾ 2025ರ ಜನವರಿ 1ರಿಂದ ಮೈಕ್ರೋಸೆಕೆಂಡ್‌ಗೆ ಬದಲಾಗಿದೆ. 2024 ಮತ್ತು 2025ರ ಫೈಲ್‌ಗಳನ್ನು ಹಾಗೆಯೇ ಜೋಡಿಸಿದರೆ ದಿನಾಂಕಗಳು ಸಾವಿರಾರು ವರ್ಷ ಮುಂದಕ್ಕೆ ಹಾರುತ್ತವೆ. ಕೊನೆಯ ಕ್ಯಾಂಡಲ್ ಇನ್ನೂ ಮುಚ್ಚಿರದಿದ್ದರೆ ತೆಗೆದುಹಾಕಿ; ಅದರ ದರ ಇನ್ನೂ ಬದಲಾಗುತ್ತಿರುತ್ತದೆ.

ಮುಂದಿನದು ಖಾಲಿ ಜಾಗ. ಎರಡು ಸಾಲುಗಳ ನಡುವಿನ ಅಂತರ ಒಂದು ಅವಧಿಗಿಂತ ಹೆಚ್ಚಿರುವ ಕಡೆಗಳನ್ನೆಲ್ಲ ಪಟ್ಟಿ ಮಾಡಿ. 2018ರ ಫೆಬ್ರುವರಿ 8-9ರಂದು ಬೈನಾನ್ಸ್ ನಿಂತಿತ್ತು, ಆ ಹೊತ್ತಿನ ಕ್ಯಾಂಡಲ್‌ಗಳೇ ಇಲ್ಲ. ಹಿಂದಿನ ದರದಿಂದ ಅದನ್ನು ತುಂಬಿದರೆ ಇಲ್ಲದ ವಹಿವಾಟನ್ನು ಹುಟ್ಟಿಸಿದಂತೆ. ಖಾಲಿ ಬಿಟ್ಟು, ವರದಿಯಲ್ಲಿ ಬರೆಯಿರಿ.

ಬೇರೆ ಎಕ್ಸ್‌ಚೇಂಜ್‌ಗೆ ಹೋದರೆ ಇದೇ ಕೋಡ್ ನಡೆಯದು. ಕಾಯಿನ್‌ಬೇಸ್ ಎಕ್ಸ್‌ಚೇಂಜ್ ಕರೆಗೆ 300 ಸಾಲು ಮಾತ್ರ ಕೊಡುತ್ತದೆ, ಅದೂ ಹೊಸದು ಮೊದಲು. ಕಾಲಮ್‌ಗಳ ಕ್ರಮ ಸಮಯ, ಕನಿಷ್ಠ, ಗರಿಷ್ಠ, ಆರಂಭ, ಕೊನೆ, ಪ್ರಮಾಣ. ಬೈನಾನ್ಸ್‌ನ ಕ್ರಮದಲ್ಲಿ ಓದಿದರೆ ಆರಂಭದ ದರದ ಜಾಗದಲ್ಲಿ ಕನಿಷ್ಠ ದರ ಕೂರುತ್ತದೆ. ಕ್ರಾಕೆನ್‌ನ ಕ್ಯಾಂಡಲ್ ಎಂಡ್‌ಪಾಯಿಂಟ್ ಯಾವ ದಿನಾಂಕ ಕೇಳಿದರೂ ಇತ್ತೀಚಿನ 720 ಸಾಲು ದಾಟುವುದಿಲ್ಲ.

ಹೆಸರನ್ನು ನಂಬಬೇಡಿ. 2022ರ ಮೇನಲ್ಲಿ ಲೂನಾ ಎಂಬ ಕಾಯಿನ್ ಕುಸಿದ ಮೇಲೆ ಆ ಹೆಸರು ಹೊಸ ಕಾಯಿನ್‌ಗೆ ಹೋಯಿತು, ಹಳೆಯದು ಲೂನಾ ಕ್ಲಾಸಿಕ್ ಆಯಿತು. ಒಂದೇ ಸಿಂಬಲ್ ಇದೆ ಎಂದು ಎರಡರ ದರ ಸೇರಿಸಿದರೆ ಲಾಭ-ನಷ್ಟದ ಲೆಕ್ಕ ಪೂರ್ತಿ ಸುಳ್ಳು. ಇಂದು ಉಳಿದಿರುವ ಕಾಯಿನ್‌ಗಳನ್ನಷ್ಟೇ ಆರಿಸಿಕೊಂಡರೂ ಫಲಿತಾಂಶ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ: 13 ಅಂಕೆಯ ಸಮಯ ಘಾತದ ರೂಪಕ್ಕೆ ತಿರುಗಿ ಕೊನೆಯ ಅಂಕೆಗಳು ಕಳೆದುಹೋಗುತ್ತವೆ. ಮೇಲಾಗಿ ಒಂದು ಹಾಳೆಯ ಮಿತಿ 10,48,576 ಸಾಲು. ಎರಡು ವರ್ಷದ ನಿಮಿಷದ ಕ್ಯಾಂಡಲ್‌ಗಳು 10,51,200.

ರೂಪಾಯಿಗೆ ಬದಲಿಸುವಾಗ ಮತ್ತೊಂದು ಎಚ್ಚರ. ಎಫ್‌ಬಿಐಎಲ್ ಎಂಬ ಭಾರತೀಯ ಸಂಸ್ಥೆಯ ಡಾಲರ್ ಉಲ್ಲೇಖ ದರ ಕೆಲಸದ ದಿನಗಳಲ್ಲಷ್ಟೇ ಪ್ರಕಟವಾಗುತ್ತದೆ, ಕ್ರಿಪ್ಟೊಗೆ ರಜೆಯಿಲ್ಲ. ಶನಿವಾರ, ಭಾನುವಾರಕ್ಕೆ ಶುಕ್ರವಾರದ ದರ ಹಾಕಿದ್ದರೆ, ಹಾಗೆ ಹಾಕಿದ ಸಾಲುಗಳನ್ನು ಬೇರೆ ಕಾಲಮ್‌ನಲ್ಲಿ ಗುರುತಿಸಿ ಇಡಿ.