ಚಿಕಿತ್ಸೆ ತಪ್ಪಿ ಆಕಳು ಸತ್ತಿತೆಂಬ ಅನುಮಾನವೇ? ಹೂಳುವ ಮೊದಲು ಇಷ್ಟು ಮಾಡಿ

ಗ್ರಾಹಕ ಆಯೋಗಕ್ಕೆ ದೂರು ಕೊಡಲು ಕಾನೂನು ಎರಡು ವರ್ಷ ಕೊಟ್ಟಿದೆ. ಕಾರವಾರ, ಅಂಕೋಲಾ ಕಡೆಯ ಸೆಕೆ ಎರಡು ದಿನವನ್ನೂ ಕೊಡುವುದಿಲ್ಲ. ಸತ್ತ ದನದ ಹೊಟ್ಟೆ ಕೆಲವೇ ತಾಸಿನಲ್ಲಿ ಉಬ್ಬುತ್ತದೆ, ಒಳಗಿನ ಅಂಗಗಳು ಕೊಳೆಯತೊಡಗುತ್ತವೆ. ಆಮೇಲೆ ಕೊಯ್ದು ನೋಡಿದರೂ ಕಾರಣ ಸಿಗುವುದು ಕಷ್ಟ.

ಹಾಗಾಗಿ ಚಿಕಿತ್ಸೆ ಕೊಟ್ಟವರನ್ನು ಬಿಟ್ಟು ಬೇರೆ ಪಶುವೈದ್ಯರಿಂದ ಅದೇ ದಿನ ಮರಣೋತ್ತರ ಪರೀಕ್ಷೆ ಮಾಡಿಸಿ, ವರದಿಯನ್ನು ಬರವಣಿಗೆಯಲ್ಲೇ ಪಡೆಯಿರಿ. ಕಿವಿಯೋಲೆಯ 12 ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ವಿಮೆ ಇದ್ದರೆ ಹೂಳುವ ಮೊದಲೇ ಕಂಪನಿಗೆ ತಿಳಿಸಿ. ಮೂಗು, ಗುದದಿಂದ ಕಪ್ಪು ರಕ್ತ ಸೋರುತ್ತಿದ್ದರೆ ಮಾತ್ರ ಕೊಯ್ಯಿಸಬೇಡಿ. ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು, ಮನುಷ್ಯರಿಗೂ ಹರಡುತ್ತದೆ.

ಖಾಲಿ ಬಾಟಲಿ ಎಸೆಯಬೇಡಿ. ಕರು ಹಾಕಿದ ಆಕಳಿಗೆ ಹಾಲುಜ್ವರ ಬಂದಾಗ ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ಏರಿಸುತ್ತಾರಲ್ಲ, ಅದನ್ನು ಎದೆಬಡಿತ ಗಮನಿಸುತ್ತ ನಿಧಾನವಾಗಿ ಬಿಡಬೇಕು. ಅವಸರ ಮಾಡಿದರೆ ಹೃದಯವೇ ನಿಲ್ಲಬಹುದು. ಆದರೆ ಸರಿಯಾಗಿ ಕೊಟ್ಟರೂ ಕೆಲವು ಆಕಳು ಬದುಕುವುದಿಲ್ಲ. ಸತ್ತಿತು ಎಂದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಬಾಟಲಿಯ ಬ್ಯಾಚ್ ನಂಬರ್, ಏರಿಸಲು ಶುರುಮಾಡಿದ ಮತ್ತು ಮುಗಿದ ಹೊತ್ತು, ಔಷಧ ಚೀಟಿ, ಹಣ ಕೊಟ್ಟ ರಸೀದಿ ಅಥವಾ ಫೋನ್‌ಪೇ ದಾಖಲೆ, ಇನ್ನೊಬ್ಬ ಪಶುವೈದ್ಯರ ಲಿಖಿತ ಅಭಿಪ್ರಾಯ: ಪ್ರಕರಣ ನಿಲ್ಲುವುದು ಇವುಗಳ ಮೇಲೆ.

ಹಣ ಪಡೆದು ಚಿಕಿತ್ಸೆ ಕೊಟ್ಟ ಖಾಸಗಿ ವೈದ್ಯರ ಮೇಲಿನ ದೂರು, ಉತ್ತರ ಕನ್ನಡದಲ್ಲಾದರೆ, ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ. ಶಿರಸಿ, ಸಿದ್ದಾಪುರದವರು ಘಟ್ಟ ಇಳಿಯಲೇಬೇಕೆಂದಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಸಲ್ಲಿಸಿ, ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗಲು ಅರ್ಜಿ ಹಾಕಬಹುದು. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನೀವು ಕೇಳುವ ಪರಿಹಾರದ ಮೊತ್ತ ಈ ಲೆಕ್ಕಕ್ಕೆ ಬರುವುದಿಲ್ಲ. ‘ಹಾಲು ಮಾರುವವರು ವ್ಯಾಪಾರಿಗಳು, ಗ್ರಾಹಕರಲ್ಲ’ ಎಂಬ ತಕರಾರು ಎದುರಿನವರಿಂದ ಬರಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಸಾಕಿದ ಆಕಳು ಎಂದು ದೂರಿನಲ್ಲೇ ಬರೆದುಬಿಡಿ. ಡೈರಿಯ ಹಾಲಿನ ಚೀಟಿಗಳನ್ನು ಲಗತ್ತಿಸಿ, ನಷ್ಟದ ಲೆಕ್ಕಕ್ಕೂ ಅವೇ ಆಧಾರ.

ಸರ್ಕಾರಿ ಆಸ್ಪತ್ರೆಯ ಉಚಿತ ಚಿಕಿತ್ಸೆಗೆ ಈ ದಾರಿ ಇಲ್ಲ. ಎಲ್ಲರಿಗೂ ಉಚಿತವಾದ ಸೇವೆ ಗ್ರಾಹಕ ಕಾನೂನಿನಡಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅದು ಮನುಷ್ಯರ ಆಸ್ಪತ್ರೆಗಳ ಪ್ರಕರಣ, ತರ್ಕ ಇಲ್ಲಿಗೂ ಅದೇ. ಉಳಿಯುವುದು ಸಿವಿಲ್ ದಾವೆ. ಸರ್ಕಾರಕ್ಕೆ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕು. ಗಡುವು ಸಾಮಾನ್ಯವಾಗಿ ಮೂರು ವರ್ಷ ಎನ್ನುತ್ತಾರೆ, ಆದರೆ ಕಾನೂನಿನಡಿ ಮಾಡಿದ ಕೆಲಸವಾದ್ದರಿಂದ ಒಂದೇ ವರ್ಷ ಎಂಬ ವಾದವೂ ಏಳಬಹುದು. ವರ್ಷದೊಳಗೇ ಹಾಕುವುದು ಕ್ಷೇಮ.

ವೈದ್ಯರ ನೋಂದಣಿಯ ಮೇಲೆ ಕ್ರಮ ಬೇಕಿದ್ದರೆ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ಬರೆಯಿರಿ. ಅಲ್ಲಿಂದ ಪರಿಹಾರದ ಹಣ ಬರುವುದಿಲ್ಲ.

ಹೆಚ್ಚಿನವರು ಎಡವುವುದು ಮಾತುಕತೆಯಲ್ಲಿ. ‘ನೋಡೋಣ, ಏನಾದರೂ ಮಾಡೋಣ’ ಎನ್ನುತ್ತ ತಿಂಗಳುಗಳು ಸರಿಯುತ್ತವೆ. ನೀವು ಕಳಿಸಿದ ವಕೀಲರ ನೋಟಿಸ್ ಆಯೋಗದ ಎರಡು ವರ್ಷದ ಗಡಿಯಾರವನ್ನು ನಿಲ್ಲಿಸುವುದಿಲ್ಲ. ಗಡುವು ಮೀರಿದ್ದರೆ ತಡವಾದ ಕಾರಣ ವಿವರಿಸುವ ಪ್ರತ್ಯೇಕ ಅರ್ಜಿಯನ್ನು ದೂರಿನ ಜೊತೆಗೇ ಹಾಕಬೇಕು. ಒಪ್ಪುವುದು, ಬಿಡುವುದು ಆಯೋಗದ ವಿವೇಚನೆ. ಆದೇಶ ಒಪ್ಪಿಗೆಯಾಗದಿದ್ದರೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು 45 ದಿನ.