ಮನೆಗೆ ಬೀಗ ಹಾಕುವ ಮುಂಚೆ ಪಾಲಿಸಿ ಒಮ್ಮೆ ತೆಗೆದು ನೋಡಿ

ಇನ್ಶೂರೆನ್ಸ್ ಕಟ್ಟಿದ್ದೀವಲ್ಲ, ಇನ್ನೇನು ಚಿಂತೆ ಅಂತ ನಾವೂ ಒಮ್ಮೆ ಬೀಗ ಹಾಕಿ ಹೊರಟಿದ್ದೆವು. ಎರಡೂವರೆ ತಿಂಗಳ ರಜೆ. ವಾಪಸ್ ಬಂದಾಗ ಮುಂಬಾಗಿಲು ಊದಿಕೊಂಡು ತೆಗೆಯಲು ಬರಲಿಲ್ಲ. ಭುಜ ಕೊಟ್ಟು ತಳ್ಳಿದೆ. ಒಳಗೆ ಕಾಲಿಟ್ಟರೆ ಕಾರ್ಪೆಟ್ ಪಚಕ್ ಅಂತು. ಮಹಡಿಯ ಬಾತ್‌ರೂಮಿನಲ್ಲಿ ಕಮೋಡಿಗೆ ನೀರು ಬರುವ ಬೆರಳು ದಪ್ಪದ ಪೈಪು ಬಿರುಕು ಬಿಟ್ಟಿತ್ತು. ಎಷ್ಟು ದಿನದಿಂದ ಸುರಿಯುತ್ತಿತ್ತೋ!

ಇನ್ಶೂರೆನ್ಸ್ ಕಡೆಯವರು ಬಂದು ಮೊದಲು ಕೇಳಿದ್ದು ಪೈಪಿನ ಬಗ್ಗೆ ಅಲ್ಲ. ‘ಈ ಮನೆಯಲ್ಲಿ ಕೊನೆಯ ಸಲ ಯಾರಾದರೂ ಮಲಗಿದ್ದು ಯಾವತ್ತು?’ ದಿನ ಎಣಿಸಿದರು. 74. ಮನೆ ಖಾಲಿ ಬಿಡಲು ನಮ್ಮ ಪಾಲಿಸಿಯಲ್ಲಿದ್ದ ಮಿತಿ 60 ದಿನ. ಕ್ಲೈಮ್ ಅಲ್ಲಿಗೇ ಮುಗಿಯಿತು.

ಸಿಟ್ಟು ಬಂದದ್ದು ನಿಜ. ಆದರೆ ಅವರ ಲೆಕ್ಕ ಆಮೇಲೆ ಅರ್ಥವಾಯಿತು. ಮನೆ ಪಾಲಿಸಿ ಬರೆಯುವುದೇ ಒಳಗೆ ಜನ ಇದ್ದಾರೆ ಎಂದುಕೊಂಡು. ಜನ ಇದ್ದರೆ ನೀರು ತೊಟ್ಟಿಕ್ಕುವಾಗಲೇ ಕಾಣುತ್ತದೆ, ಕಳ್ಳನಿಗೂ ಅಳುಕು. ಖಾಲಿ ಮನೆಯಲ್ಲಿ ಸಣ್ಣ ಸೋರಿಕೆಗೆ ವಾರಗಟ್ಟಲೆ ಸಮಯ ಸಿಗುತ್ತದೆ. ಅದಕ್ಕೇ 30 ಅಥವಾ 60 ದಿನ, ಕೆಲವು ಪಾಲಿಸಿಗಳಲ್ಲಿ 90, ಎಂಬ ಗಡಿ. ದಾಟಿದರೆ ಪಾಲಿಸಿ ಪೂರ್ತಿ ಸಾಯುವುದು ಕಡಿಮೆ. ಆದರೆ ಕಳ್ಳತನ, ಗಾಜು ಒಡೆಯುವುದು, ಕಿಡಿಗೇಡಿಗಳ ಹಾವಳಿ, ನೀರಿನ ಹಾನಿ, ಹೀಗೆ ಖಾಲಿ ಮನೆಗೆ ನಿಜಕ್ಕೂ ಆಗುವಂಥವೇ ಮೊದಲು ಕಳಚಿಕೊಳ್ಳುತ್ತವೆ!

‘ಖಾಲಿ’ ಅನ್ನುವುದರಲ್ಲೂ ಎರಡು ಬಗೆ ಇದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಸಾಮಾನಿದ್ದು ಜನ ಮಾತ್ರ ಹೊರಗೆ ಹೋಗಿದ್ದರೆ ‘ಅನ್‌ಆಕ್ಯುಪೈಡ್’. ಸಾಮಾನೂ ಇಲ್ಲ, ಜನರೂ ಇಲ್ಲ ಅಂದರೆ ‘ವೇಕೆಂಟ್’. ಎರಡನೆಯದಕ್ಕೆ ನಿಯಮ ಜಾಸ್ತಿ ಬಿಗಿ. ನಿಮ್ಮ ಪಾಲಿಸಿ ಯಾವ ಪದಕ್ಕೆ ಏನು ಅರ್ಥ ಕೊಟ್ಟಿದೆ ಎಂದು ಮೊದಲ ಪುಟಗಳಲ್ಲೇ ಇರುತ್ತದೆ, ನೋಡಿ.

ಚಳಿ ದೇಶದಲ್ಲಿದ್ದರೆ 60 ದಿನದ ಮಾತು ಹಾಗಿರಲಿ. ಕೆನಡಾದ ಅನೇಕ ಪಾಲಿಸಿಗಳಲ್ಲಿ ಚಳಿಗಾಲದಲ್ಲಿ 4 ದಿನಕ್ಕಿಂತ ಹೆಚ್ಚು ಮನೆ ಬಿಟ್ಟಿದ್ದು ಪೈಪು ಹೆಪ್ಪುಗಟ್ಟಿ ಒಡೆದರೆ ದುಡ್ಡು ಬರುವುದಿಲ್ಲ. ದಿನಾ ಯಾರಾದರೂ ಬಂದು ನೋಡುತ್ತಿರಬೇಕು, ಇಲ್ಲವೇ ನೀರು ಬಂದ್ ಮಾಡಿ ಪೈಪು ಖಾಲಿ ಮಾಡಿರಬೇಕು. ನೀರು ಮಂಜುಗಡ್ಡೆಯಾದಾಗ ಸುಮಾರು 9% ಹಿಗ್ಗುತ್ತದೆ, ತಾಮ್ರದ ಪೈಪಿಗೂ ಅದನ್ನು ತಡೆಯಲು ಆಗಲ್ಲ.

ಬಾಡಿಗೆಗೆ ಕೊಟ್ಟ ಮನೆಯವರು ಇನ್ನೂ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಹಳೆಯ ಬಾಡಿಗೆದಾರರು ಬಿಟ್ಟ ದಿನದಿಂದಲೇ ಎಣಿಕೆ ಶುರು. ‘ಬಣ್ಣ ಹೊಡೆಸಿ, ಅಡುಗೆಮನೆ ಸರಿಮಾಡಿಸಿ ಕೊಡೋಣ’ ಅಂತ ಶುರುಮಾಡಿದ ಕೆಲಸ ಎರಡು ತಿಂಗಳು ಎಳೆಯುತ್ತದೆ, ಅಲ್ವಾ? ದೊಡ್ಡ ರಿಪೇರಿ ಮಾಡಿಸುವುದನ್ನೂ ಇನ್ಶೂರೆನ್ಸ್‌ನವರಿಗೆ ಬೇರೆಯಾಗಿ ತಿಳಿಸಬೇಕು. ನೀವು ಬಾಡಿಗೆದಾರರಾಗಿದ್ದರೆ, ಮಾಲೀಕರ ಪಾಲಿಸಿ ಕಟ್ಟಡಕ್ಕೆ ಮಾತ್ರ. ನಿಮ್ಮ ಸಾಮಾನಿಗೆ ನಿಮ್ಮದೇ ಪಾಲಿಸಿ ಬೇಕು, ಅದರಲ್ಲೂ ಇಂಥದೇ ಗಡಿ ಇರಬಹುದು.

ಹೊರಡುವ ಮುಂಚೆ ಒಂದು ಇಮೇಲ್ ಕಳಿಸಿ: ‘ಇಂಥ ದಿನದಿಂದ ಇಂಥ ದಿನದವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಆಗ ನನ್ನ ಪಾಲಿಸಿ ಯಾವ್ಯಾವ ಹಾನಿಗೆ ದುಡ್ಡು ಕೊಡುವುದಿಲ್ಲ? ನಾನು ಏನು ಮಾಡಬೇಕು?’ ಫೋನಿನಲ್ಲಿ ಕೇಳಿದರೆ ‘ಏನೂ ಆಗಲ್ಲ ಸರ್’ ಅಂತಾರೆ, ಅದಕ್ಕೆ ಸಾಕ್ಷಿ ಇರಲ್ಲ. ಗಡಿ ದಾಟುವುದಾದರೆ ಖಾಲಿ ಮನೆಗೆಂದೇ ಒಂದು ಸೇರ್ಪಡೆ ಅಥವಾ ಬೇರೆ ಪಾಲಿಸಿ ಸಿಗುತ್ತದೆ. ದುಬಾರಿ, ಒಪ್ಪುತ್ತೇನೆ. ಹೊಸ ನೆಲ ಹಾಸಿಸಿದ ಮೇಲೆ ನನಗೆ ಹಾಗೆ ಅನ್ನಿಸುತ್ತಿಲ್ಲ.

ವಾರಕ್ಕೊಮ್ಮೆ ಮನೆ ನೋಡಬೇಕು ಎಂದು ಅವರು ಷರತ್ತು ಹಾಕಿದರೆ, ನೋಡಿಬರುವ ಸ್ನೇಹಿತರಿಗೆ ಪ್ರತಿಸಲ ಒಂದು ಫೋಟೋ ಕಳಿಸಲು ಹೇಳಿ. ದಿನಾಂಕ ತಾನಾಗಿ ಉಳಿಯುತ್ತದೆ. ನಮ್ಮದಂತೂ ಈಗ ರೂಢಿಯಾಗಿಬಿಟ್ಟಿದೆ. ಸೂಟ್‌ಕೇಸು ಕಾರಿಗೆ ಹೋದ ಮೇಲೆ ಮುಖ್ಯ ವಾಲ್ವ್ ತಿರುಗಿಸಿ, ನಲ್ಲಿಗಳನ್ನು ಖಾಲಿಯಾಗುವವರೆಗೆ ಬಿಟ್ಟು ಮುಚ್ಚಿ, ನೀರಿನ ಮೀಟರಿನ ಮುಂದೆ ಕೂತು ಎರಡು ನಿಮಿಷ ಮುಳ್ಳು ಅಲುಗಾಡುತ್ತಿಲ್ಲ ಎಂದು ನೋಡುತ್ತೇನೆ. ಹೆಂಡತಿ ಹಾರ್ನ್ ಹೊಡೆಯುತ್ತಿರುತ್ತಾಳೆ. ಫೋಟೋ ತೆಗೆದೇ ಏಳುವುದು.