ಒಂಟಿ ಸೈಕಲ್ ಸವಾರರಿಗೆ: ಒಂದೇ ಸಲಕರಣೆ ಚೀಲದಲ್ಲಿ ಮನೆ, ಸೈಕಲ್ಲು ಮತ್ತು ಮೇಲುಕೋಟೆಯ ದಾರಿ

ಮೈಸೂರಿನ ಹಳೆಯ ಬಡಾವಣೆಯೊಂದರ ಹೆಂಚಿನ ಮನೆಯಲ್ಲಿ ಒಬ್ಬನೇ ಬಾಡಿಗೆಗಿದ್ದು, ಕಚೇರಿಗೂ ಮಾರುಕಟ್ಟೆಗೂ ಸೈಕಲ್ಲಿನಲ್ಲೇ ಓಡಾಡುವ ನನಗೆ ಮೊದಲ ಎರಡು ವರ್ಷ ಒಂದು ವಾರಾಂತ್ಯವೂ ನೆಟ್ಟಗೆ ಸಿಗಲಿಲ್ಲ. ಶನಿವಾರ ಬೆಳಿಗ್ಗೆ ಹೊರಡಬೇಕೆಂದು ಎದ್ದರೆ ಹಿಂದಿನ ಚಕ್ರದಲ್ಲಿ ಗಾಳಿ ಇರುತ್ತಿರಲಿಲ್ಲ. ಗಾಳಿ ಇದ್ದ ದಿನ ಬಚ್ಚಲಿನ ನಲ್ಲಿ ಸೋರುತ್ತಿತ್ತು. ಮನೆಯಲ್ಲಿ ಇನ್ನೊಬ್ಬರಿದ್ದರೆ ಒಬ್ಬರು ಪ್ಲಂಬರಿಗೆ ಕಾಯಬಹುದು, ಇನ್ನೊಬ್ಬರು ಹೊರಡಬಹುದು. ಒಬ್ಬರೇ ಇರುವವರಿಗೆ ಈ ಅನುಕೂಲವಿಲ್ಲವಾದ್ದರಿಂದ ಮನೆಯ ರಿಪೇರಿ, ಸೈಕಲ್ಲಿನ ರಿಪೇರಿ, ವಾರಾಂತ್ಯದ ಸವಾರಿ ಮೂರನ್ನೂ ಒಂದೇ ಕೆಲಸದ ಮೂರು ಭಾಗಗಳೆಂದು ಭಾವಿಸಿ ಕ್ರಮ ಹಾಕಿಕೊಳ್ಳಬೇಕಾಗುತ್ತದೆ. ನಾನು ಹಾಕಿಕೊಂಡ ಕ್ರಮ ಇಲ್ಲಿದೆ.

ಚೀಲದಲ್ಲಿ ಏನಿರಬೇಕು

ಅಂಗಡಿಯಲ್ಲಿ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಅಗ್ಗದ ಟೂಲ್ ಸೆಟ್ಟನ್ನು ಕೊಳ್ಳಬೇಡಿ. ಅದರಲ್ಲಿರುವ ಅರ್ಧದಷ್ಟು ವಸ್ತುಗಳು ಎಂದೂ ಬಳಕೆಗೆ ಬರುವುದಿಲ್ಲ, ಉಳಿದರ್ಧ ಮೊದಲ ಬಿಗಿಯಾದ ನಟ್ಟಿಗೇ ಬಾಯಿ ಬಿಡುತ್ತವೆ. ಬಿಡಿಬಿಡಿಯಾಗಿ ಕೊಳ್ಳುವುದು ಮೇಲು. 10 ಇಂಚಿನ ಅಡ್ಜಸ್ಟೆಬಲ್ ಸ್ಪ್ಯಾನರ್ ಒಂದಿದ್ದರೆ ನಲ್ಲಿಯ ತಲೆಯನ್ನೂ ಬಿಚ್ಚಬಹುದು, ಚಕ್ರದ ನಟ್ಟನ್ನೂ ಬಿಚ್ಚಬಹುದು. 15 ಮಿಲಿಮೀಟರಿನ ತೆಳು ಸ್ಪ್ಯಾನರ್ ಪೆಡಲಿಗೆ ಬೇಕು. 4, 5, 6 ಮಿಲಿಮೀಟರಿನ ಅಲೆನ್ ಕೀಗಳು ಹ್ಯಾಂಡಲ್, ಸೀಟು, ಬ್ರೇಕುಗಳಿಗೆ ಬೇಕು. ಇವುಗಳ ಜೊತೆಗೆ ಕಟಿಂಗ್ ಪ್ಲೇಯರ್, ಎರಡು ಬಗೆಯ ಸ್ಕ್ರೂ ಡ್ರೈವರ್, ಟೆಸ್ಟರ್, ಟೆಫ್ಲಾನ್ ಟೇಪು, ಅರ್ಧ ಇಂಚಿನ ನಲ್ಲಿ ವಾಷರುಗಳು, ಎಂ-ಸೀಲ್, ಉಪ್ಪುಕಾಗದ, ಪಂಕ್ಚರ್ ಪ್ಯಾಚು ಮತ್ತು ಸಲ್ಯೂಷನ್, ಎರಡು ಪ್ಲಾಸ್ಟಿಕ್ ಟೈರ್ ಲಿವರ್, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಇದ್ದರೆ ಸಾಕು. ಲಿವರಿನ ಬದಲು ಸ್ಕ್ರೂ ಡ್ರೈವರ್ ಹಾಕಿ ಟೈರು ಕೀಳಲು ಹೋದವರೆಲ್ಲರೂ ಒಂದು ತೂತಿನ ಜಾಗದಲ್ಲಿ ಎರಡು ತೂತು ಮಾಡಿಕೊಂಡಿರುತ್ತಾರೆ.

ಕೆಟ್ಟ ಟ್ಯೂಬನ್ನು ಎಸೆಯಬೇಡಿ. ಉದ್ದಕ್ಕೆ ಸೀಳಿದರೆ ಅದು ಕ್ಯಾರಿಯರಿನ ಮೇಲೆ ಅಕ್ಕಿ ಚೀಲ ಕಟ್ಟುವ ಪಟ್ಟಿಯಾಗುತ್ತದೆ. ಚೌಕವಾಗಿ ಕತ್ತರಿಸಿದರೆ ಕಬ್ಬಿಣದ ಮಂಚದ ಕಾಲಿನ ಕೆಳಗೆ ಮೆತ್ತೆಯಾಗುತ್ತದೆ. ದುಂಡಗೆ ಕತ್ತರಿಸಿ ನಡುವೆ ತೂತು ಮಾಡಿದರೆ ಭಾನುವಾರ ಸಂಜೆ ಅಂಗಡಿ ಮುಚ್ಚಿರುವಾಗ ಪೈಪಿನ ಜೋಡಣೆಗೆ ತಾತ್ಕಾಲಿಕ ವಾಷರೂ ಆಗುತ್ತದೆ.

ಗುರುವಾರ ಸಂಜೆಯ ಒಂದು ಗಂಟೆ

ವಾರದ ತಪಾಸಣೆಯನ್ನು ಶುಕ್ರವಾರ ರಾತ್ರಿಗೆ ಇಟ್ಟುಕೊಳ್ಳುವುದು ತಪ್ಪು. ಸವೆದ ಬ್ರೇಕ್ ರಬ್ಬರು ಶುಕ್ರವಾರ ರಾತ್ರಿ ಒಂಬತ್ತಕ್ಕೆ ಕಣ್ಣಿಗೆ ಬಿದ್ದರೆ ಅದನ್ನು ಕೊಳ್ಳಲು ಅಂಗಡಿ ತೆರೆದಿರುವುದಿಲ್ಲ. ಗುರುವಾರ ನೋಡಿದರೆ ಶುಕ್ರವಾರ ಕಚೇರಿಯಿಂದ ಬರುವಾಗ ತರಬಹುದು.

ಮೊದಲು ಟೈರನ್ನು ನೋಡಿ. ಎಷ್ಟು ಗಾಳಿ ಹಾಕಬೇಕೆಂಬುದು ಟೈರಿನ ಪಕ್ಕದಲ್ಲೇ ಉಬ್ಬಕ್ಷರದಲ್ಲಿ ಬರೆದಿರುತ್ತದೆ. ಹೆಬ್ಬೆರಳಿನ ಅಂದಾಜನ್ನು ನಂಬದೆ ಮೀಟರಿರುವ ನಿಲುವು ಪಂಪಿನಿಂದ ಹಾಕಿ. ಗಾಳಿ ಕಡಿಮೆಯಾದ ಟೈರು ಹಳ್ಳಕ್ಕೆ ಬಿದ್ದಾಗ ರಿಮ್ಮಿನ ಅಂಚು ಟ್ಯೂಬನ್ನು ಅದುಮಿ, ಹಾವು ಕಚ್ಚಿದಂತೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ. ಅಂಥ ಜೋಡಿ ತೂತು ಕಂಡರೆ ಟೈರಿನಲ್ಲಿ ಮುಳ್ಳು ಹುಡುಕುವ ಅಗತ್ಯವಿಲ್ಲ, ಗಾಳಿಯ ಲೆಕ್ಕ ತಪ್ಪಿದೆ ಎಂದೇ ಅರ್ಥ. ತೂತು ಟ್ಯೂಬಿನ ಒಳಮೈಯಲ್ಲಿ, ಎಂದರೆ ರಿಮ್ಮಿನ ಕಡೆ ಇದ್ದರೆ ರಿಮ್ ಟೇಪು, ಎಂದರೆ ಸ್ಪೋಕಿನ ತುದಿಗಳು ಟ್ಯೂಬಿಗೆ ತಾಗದಂತೆ ರಿಮ್ಮಿನ ಒಳಗೆ ಹಾಕುವ ಪಟ್ಟಿ, ಜರುಗಿದೆ. ತೂತು ಹೊರಮೈಯಲ್ಲಿದ್ದರೆ ಮಾತ್ರ ಅದು ಮುಳ್ಳು ಅಥವಾ ಗಾಜಿನ ಕೆಲಸ. ಟೈರು ಹಾಕುವಾಗ ಅದರ ಹೆಸರಿನ ಅಚ್ಚು ಸರಿಯಾಗಿ ವಾಲ್ವಿನ ನೇರಕ್ಕೆ ಬರುವಂತೆ ಕೂರಿಸುವ ಅಭ್ಯಾಸ ಮಾಡಿಕೊಳ್ಳಿ. ಟ್ಯೂಬಿನಲ್ಲಿ ತೂತು ಸಿಕ್ಕಿದ ಕೂಡಲೇ ವಾಲ್ವಿನಿಂದ ಅಷ್ಟೇ ದೂರ ಅಳೆದು ಟೈರಿನಲ್ಲಿ ಮುಳ್ಳು ಎಲ್ಲಿದೆ ಎಂದು ತಿಳಿದುಕೊಳ್ಳಬಹುದು. ಮುಳ್ಳನ್ನು ಕೀಳದೆ ಹೊಸ ಟ್ಯೂಬು ಹಾಕಿದರೆ ನೂರು ಮೀಟರಿನಲ್ಲಿ ಮತ್ತೆ ಕೆಳಗಿಳಿಯಬೇಕಾಗುತ್ತದೆ.

ಪ್ಯಾಚು ಹಾಕುವಾಗ ಎಲ್ಲರೂ ಮಾಡುವ ತಪ್ಪು ಅವಸರ. ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಅನ್ನು ಪ್ಯಾಚಿಗಿಂತ ಅಗಲವಾಗಿ ತೆಳ್ಳಗೆ ಸವರಿ, ಅದರ ಹೊಳಪು ಹೋಗಿ ಬೆರಳಿಗೆ ಅಂಟದಷ್ಟು ಒಣಗುವವರೆಗೆ ನಾಲ್ಕೈದು ನಿಮಿಷ ಕಾಯಬೇಕು. ಹಸಿ ಸಲ್ಯೂಷನ್ನಿನ ಮೇಲೆ ಒತ್ತಿದ ಪ್ಯಾಚು ಜಾರುತ್ತದೆ. ಆ ಐದು ನಿಮಿಷದಲ್ಲಿ ನಾನು ಅಕ್ಕಿ ತೊಳೆದು ಕುಕ್ಕರ್ ಇಡುತ್ತೇನೆ.

ಚೈನಿನ ಸವೆತವನ್ನು ಅಳೆಯಲು ಶಾಲೆಯ ಮಕ್ಕಳ ಸ್ಕೇಲು ಸಾಕು. ಒಂದು ಪಿನ್ನಿನ ನಡುವಿನಿಂದ ಅಳೆಯತೊಡಗಿದರೆ ಹೊಸ ಚೈನಿನಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡುಭಾಗ ಬರುತ್ತದೆ. ಆ ಪಿನ್ನು ಗೆರೆ ದಾಟಿ ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ಚೈನು ಬದಲಿಸಬೇಕು. ಎಂಟನೆಯ ಒಂದು ಭಾಗದಷ್ಟು ಹೋಗಿದ್ದರೆ ಹಿಂದಿನ ಹಲ್ಲುಗಳೂ ಸವೆದಿರುತ್ತವೆ, ಖರ್ಚು ಹೆಚ್ಚಾಗುತ್ತದೆ. ಎಣ್ಣೆಯ ವಿಷಯದಲ್ಲಿ ಎಲ್ಲರದೂ ಒಂದೊಂದು ಮತ. ಕೊಬ್ಬರಿ ಎಣ್ಣೆ ಚಳಿಗಾಲದ ಬೆಳಿಗ್ಗೆ ಗಟ್ಟಿಯಾಗುತ್ತದೆ, ಬೈಕಿನ ಎಂಜಿನ್ ಎಣ್ಣೆ ದಾರಿಯ ಧೂಳನ್ನೆಲ್ಲ ಮೈಗೆ ಅಂಟಿಸಿಕೊಳ್ಳುತ್ತದೆ. ಸೈಕಲ್ ಚೈನಿಗೆಂದೇ ಮಾರುವ ಎಣ್ಣೆಯೇ ಸರಿ. ಪ್ರತಿ ಗಂಟಿಗೂ ಒಂದೊಂದು ಹನಿ ಬಿಟ್ಟು, ಸ್ವಲ್ಪ ಹೊತ್ತು ತಿರುಗಿಸಿ, ಹೊರಮೈಯ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆಯಬೇಕು. ನೆಲ ರೆಡ್ ಆಕ್ಸೈಡಿನದಾಗಿದ್ದರೆ ಈ ಕೆಲಸಕ್ಕೆ ಮೊದಲು ಗೋಣಿತಾಟು ಹಾಸಿ. ಕೆಂಪು ನೆಲದ ಮೇಲೆ ಬಿದ್ದ ಕಪ್ಪು ಕಲೆಯನ್ನು ಮನೆಯ ಒಡೆಯರು ಮುಂಗಡ ಹಣ ಹಿಂದಿರುಗಿಸುವ ದಿನದವರೆಗೂ ಮರೆಯುವುದಿಲ್ಲ.

ಪೆಡಲಿನ ಬಗ್ಗೆ ಒಂದೇ ಎಚ್ಚರಿಕೆ. ಎಡಗಡೆಯ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ಅದನ್ನು ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ನಾನು ಒಮ್ಮೆ ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಕ್ರ್ಯಾಂಕಿನ, ಎಂದರೆ ಪೆಡಲು ಕೂರುವ ತೋಳಿನ, ಥ್ರೆಡ್ಡನ್ನೇ ಕಿತ್ತುಹಾಕಿದ್ದೇನೆ.

ನಲ್ಲಿ ಸೋರಿದರೆ

ಸೈಕಲ್ಲಿಗೆ ಮುಕ್ಕಾಲು ಗಂಟೆ ಕೊಟ್ಟರೆ ಉಳಿದ ಕಾಲು ಗಂಟೆಯಲ್ಲಿ ಮನೆಯ ಒಂದು ಕೆಲಸವನ್ನು ಮಾಡಬಹುದು. ಬಹುಪಾಲು ಅದು ನಲ್ಲಿಯೇ ಆಗಿರುತ್ತದೆ. ತಿರುಗಿಸಿ ಮುಚ್ಚುವ ಹಳೆಯ ಹಿತ್ತಾಳೆ ನಲ್ಲಿಯಾದರೆ ಮೊದಲು ಓವರ್‌ಹೆಡ್ ಟ್ಯಾಂಕಿನಿಂದ ಬರುವ ಗೇಟ್ ವಾಲ್ವನ್ನು ಮುಚ್ಚಿ, ನಲ್ಲಿಯನ್ನು ತೆರೆದು ಪೈಪಿನಲ್ಲಿ ಉಳಿದ ನೀರನ್ನು ಹರಿಯಲು ಬಿಡಿ. ನಲ್ಲಿಯ ತಲೆಯ ನಟ್ಟಿಗೆ ಬಟ್ಟೆ ಸುತ್ತಿ ಸ್ಪ್ಯಾನರಿನಿಂದ ಬಿಚ್ಚಿದರೆ ಒಳಗಿನ ದಂಡ ಹೊರಬರುತ್ತದೆ, ಅದರ ತುದಿಯಲ್ಲಿರುವ ಗುಂಡನೆಯ ರಬ್ಬರು ವಾಷರೇ ಸವೆದಿರುತ್ತದೆ. ಅದನ್ನು ಬದಲಿಸಿ ಮತ್ತೆ ಕೂರಿಸುವ ಮೊದಲು ವಾಷರು ಕೂರುವ ಅಂಚನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ಮರಳಿನ ಕಣವೋ ಬೋರ್‌ವೆಲ್ ನೀರಿನ ಸುಣ್ಣದ ಪದರವೋ ಇದ್ದರೆ ಹೊಸ ವಾಷರೂ ತಿಂಗಳಿನೊಳಗೆ ಸೀಳುತ್ತದೆ. ಕಾಲು ಸುತ್ತಿಗೇ ತೆರೆಯುವ ಹೊಸ ಬಗೆಯ ನಲ್ಲಿಗಳಲ್ಲಿ ವಾಷರು ಇರುವುದಿಲ್ಲ. ಒಳಗಿನ ಸೆರಾಮಿಕ್ ಕಾರ್ಟ್ರಿಡ್ಜನ್ನೇ ಬದಲಿಸಬೇಕು. ಅಳತೆಗಳು ಹಲವು ಇರುವುದರಿಂದ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ.

ನಲ್ಲಿ ಗೋಡೆಗೆ ಸೇರುವ ಜಾಗದಲ್ಲಿ ಜಿನುಗುತ್ತಿದ್ದರೆ ಟೆಫ್ಲಾನ್ ಟೇಪು ಬೇಕು. ಥ್ರೆಡ್ಡಿನ ತುದಿ ನಿಮ್ಮ ಮುಖದ ಕಡೆಗಿರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಳೆದೆಳೆದು ಸುತ್ತಿ. ಉಲ್ಟಾ ಸುತ್ತಿದರೆ ನಲ್ಲಿಯನ್ನು ಗೋಡೆಗೆ ತಿರುಗಿಸುವಾಗಲೇ ಟೇಪು ಬಿಚ್ಚಿಕೊಂಡು ಉಂಡೆಯಾಗುತ್ತದೆ.

ಒಬ್ಬರೇ ಇರುವವರು ಕೈ ಹಾಕಬಾರದ ಕೆಲಸಗಳೂ ಇವೆ. ಫ್ಯಾನು ನಿಧಾನವಾದರೆ ಅನೇಕ ಸಲ ಕೆಪಾಸಿಟರ್ ಬದಲಿಸಿದರೆ ಸರಿಹೋಗುತ್ತದೆ ಎಂದು ನನಗೆ ಗೊತ್ತಿದ್ದರೂ ಎಲೆಕ್ಟ್ರಿಷಿಯನ್ನನನ್ನೇ ಕರೆಯುತ್ತೇನೆ, ಏಕೆಂದರೆ ಸ್ಟೂಲಿನ ಮೇಲೆ ನಿಂತವನಿಗೆ ಕರೆಂಟು ಹೊಡೆದರೆ ಮೇನ್ ಸ್ವಿಚ್ ಆರಿಸುವ ಎರಡನೆಯ ಕೈ ಮನೆಯಲ್ಲಿಲ್ಲ. ಹೆಂಚು ಸರಿಪಡಿಸಲು ಮಳೆಗಾಲದಲ್ಲಿ ಹತ್ತಬೇಡಿ. ಪಾಚಿ ಕಟ್ಟಿದ ಹೆಂಚು ಸೋಪಿನಷ್ಟೇ ಜಾರುತ್ತದೆ. ಏಪ್ರಿಲ್ ಮುಗಿಯುವುದರೊಳಗೆ ಕೆಲಸದವರನ್ನು ಕರೆಸಿ ಆ ಕೆಲಸ ಮುಗಿಸಿಕೊಳ್ಳಬೇಕು. ಅಡುಗೆ ಅನಿಲದ ವಾಸನೆ ಬಂದರೆ ರಿಪೇರಿಯ ಯೋಚನೆಯೇ ಬೇಡ. ರೆಗ್ಯುಲೇಟರ್ ಮುಚ್ಚಿ, ಸ್ವಿಚ್ಚುಗಳನ್ನು ಮುಟ್ಟದೆ ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಹೊರಡುವ ಮುನ್ನ

ಬೀಗ ಹಾಕಿದ ಮನೆಯಲ್ಲಿ ಎರಡು ದಿನ ಏನಾದರೂ ಕೆಟ್ಟರೆ ನೋಡುವವರಿಲ್ಲ. ಆದ್ದರಿಂದ ಗೇಟ್ ವಾಲ್ವ್ ಮುಚ್ಚಿ, ಗ್ಯಾಸ್ ರೆಗ್ಯುಲೇಟರ್ ಆರಿಸಿ, ಗೀಸರಿನ ಸ್ವಿಚ್ಚನ್ನು ಕಣ್ಣಾರೆ ನೋಡಿ ಹೊರಡಬೇಕು. ಒಂದು ಕೀಲಿಯನ್ನು ನಂಬಿಕೆಯ ನೆರೆಯವರಿಗೆ ಕೊಟ್ಟು, ಯಾವ ದಾರಿಯಲ್ಲಿ ಹೋಗಿ ಯಾವಾಗ ಬರುವುದೆಂದು ತಿಳಿಸಿ. ಇದನ್ನು ಹೇಳಲು ಮೊದಮೊದಲು ಸಂಕೋಚವಾಗುತ್ತಿತ್ತು. ಈಗ ಎದುರು ಮನೆಯ ಅಜ್ಜಿ ಹೇಳದೆ ಹೋದರೆ ಬೈಯುತ್ತಾರೆ.

ಮೇಲುಕೋಟೆಯ ದಾರಿ

ಮೈಸೂರಿನಿಂದ ಮೊದಲ ಬಾರಿಗೆ ರಾತ್ರಿ ತಂಗುವ ಸವಾರಿ ಮಾಡುವವರಿಗೆ ಮೇಲುಕೋಟೆ ಹದವಾದ ದೂರದಲ್ಲಿದೆ. ಸುಮಾರು 50 ಕಿಲೋಮೀಟರ್ ದಾರಿ, ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ನಿಂತು ಕುಳಿತು ಹೋದರೂ ನಾಲ್ಕೈದು ಗಂಟೆಯ ಕೆಲಸ. ಬೆಳಿಗ್ಗೆ ಐದೂವರೆಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಹಾಕಿಕೊಂಡು ಹೊರಟರೆ ಬಿಸಿಲೇರುವ ಮೊದಲು ಬೆಟ್ಟದ ಬುಡದಲ್ಲಿರಬಹುದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೂ ಎಂಜಿನ್ ಇಲ್ಲದ ವಾಹನಗಳಿಗೂ ಪ್ರವೇಶವಿಲ್ಲ; ಸರ್ವಿಸ್ ರಸ್ತೆಯಲ್ಲೇ ಶ್ರೀರಂಗಪಟ್ಟಣ ಸೇರಿ. 1804ರಲ್ಲಿ ಮುಗಿದ, ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆಯ ಬಳಿ ಕಾವೇರಿಯನ್ನು ನೋಡುತ್ತ ಮೊದಲ ಬಾಟಲಿ ನೀರು ಮುಗಿಸುವುದು ನನ್ನ ರೂಢಿ. ಅಲ್ಲಿಂದ ಕಿರಂಗೂರು, ಪಾಂಡವಪುರ, ಜಕ್ಕನಹಳ್ಳಿಗಳ ಮೂಲಕ ದಾರಿ ಸಾಗುತ್ತದೆ. ಸಮಯವಿದ್ದರೆ ಪಾಂಡವಪುರ ದಾಟಿದ ಮೇಲೆ ರಸ್ತೆಯಿಂದ ಸ್ವಲ್ಪ ಒಳಗಿರುವ ತೊಣ್ಣೂರು ಕೆರೆಯ ಏರಿಗೆ ಹೋಗಿ ಬುತ್ತಿ ಬಿಚ್ಚಬಹುದು. ನಾಲೆಯ ಪಕ್ಕದಲ್ಲಿ ಹೋಗುವಾಗ ಮಾತ್ರ ಕೈಕಾಲು ತೊಳೆಯಲು ಇಳಿಯಬೇಡಿ. ಓರೆಯಾದ ಕಾಂಕ್ರೀಟ್ ದಡದಿಂದ ಜಾರಿದರೆ ಒಬ್ಬರೇ ಮೇಲೆ ಬರುವುದು ಕಷ್ಟ.

ಈ ಭಾಗದ ರಸ್ತೆಗೆ ಋತುವಿಗೊಂದು ಗುಣ. ಕಬ್ಬು ಕಡಿಯುವಾಗ ಟ್ರ್ಯಾಕ್ಟರುಗಳು ಎರಡೆರಡು ಟ್ರೈಲರ್ ಎಳೆದುಕೊಂಡು ಬರುತ್ತವೆ. ಹಿಂದಿನ ಟ್ರೈಲರ್ ಹಾವಿನ ಬಾಲದಂತೆ ಹೊರಳುವುದರಿಂದ ಅದರ ಪಕ್ಕಕ್ಕೆ ನುಗ್ಗದೆ ನಿಂತು ದಾರಿ ಬಿಡುವುದೇ ಒಳ್ಳೆಯದು. ಡಿಸೆಂಬರ್, ಜನವರಿಯಲ್ಲಿ ರೈತರು ರಾಗಿ, ಹುರುಳಿಗಳನ್ನು ಒಕ್ಕಣೆಗಾಗಿ ರಸ್ತೆಯ ಮೇಲೆಯೇ ಹರಡಿರುತ್ತಾರೆ. ಅದರ ಮೇಲೆ ಸೈಕಲ್ ಓಡಿಸಿದರೆ ಹುರುಳಿಯ ಬಳ್ಳಿ ಗೇರು ಬದಲಿಸಲು ಚೈನನ್ನು ಸರಿಸುವ ಹಿಂದಿನ ಡಿರೇಲರಿಗೂ ಹಿಂಚಕ್ರದ ಹಲ್ಲುಗಳಿರುವ ಫ್ರೀವೀಲಿಗೂ ಹಗ್ಗದಂತೆ ಸುತ್ತಿಕೊಂಡು, ಹಟ ಮಾಡಿ ತುಳಿದರೆ ಡಿರೇಲರ್ ಬಾಗಿ ಸ್ಪೋಕಿಗೆ ಸಿಕ್ಕಿಬೀಳುತ್ತದೆ. ಹತ್ತು ಮೀಟರ್ ದೂರದಲ್ಲೇ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ದಾಟಿ. ನೋಡಿ ನಗುವ ರೈತರು ಎಷ್ಟೋ ಸಲ ಮಜ್ಜಿಗೆಯನ್ನೂ ಕೊಡುತ್ತಾರೆ. ಪಂಕ್ಚರಾದರೆ ದಾರಿಯಲ್ಲಿ ಪ್ಯಾಚು ಹಾಕುತ್ತ ಕೂರದೆ ಹೊಸ ಟ್ಯೂಬು ಹಾಕಿಕೊಂಡು, ಹಳೆಯದನ್ನು ರಾತ್ರಿ ತಂಗುವ ಕಡೆ ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿ.

ಜಕ್ಕನಹಳ್ಳಿಯಲ್ಲಿ ಮುಖ್ಯರಸ್ತೆ ಬಿಟ್ಟ ಮೇಲೆ ಕೊನೆಯಲ್ಲಿ ಏರು ಬರುತ್ತದೆ. ಏರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬಂದಿರಬೇಕು, ತುಳಿತದ ಭಾರದಲ್ಲಿ ಗೇರು ಬದಲಿಸಿದರೆ ಚೈನು ಕಿರುಚುತ್ತದೆ. ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನಿಲ್ಲ. ಊರಿನಲ್ಲಿ ಛತ್ರಗಳೂ ವಸತಿಗೃಹಗಳೂ ಇವೆ, ಆದರೆ ಒಬ್ಬರೇ ಬಂದವರಿಗೆ ಕೋಣೆ ಕೊಡಲು ಹಿಂಜರಿಯುವವರು ಎಲ್ಲ ಊರಿನಲ್ಲೂ ಇರುವಂತೆ ಇಲ್ಲಿಯೂ ಇರಬಹುದಾದ್ದರಿಂದ ಮುಂಚಿತವಾಗಿ ಫೋನು ಮಾಡಿ, ಮೂಲ ಗುರುತಿನ ಚೀಟಿ ಇಟ್ಟುಕೊಂಡು, ಸೈಕಲ್ಲನ್ನು ಒಳಗಿಡಲು ಜಾಗವಿದೆಯೇ ಎಂದು ಕೇಳಿಕೊಳ್ಳಿ. ಮಾರ್ಚ್–ಏಪ್ರಿಲಿನ ವೈರಮುಡಿ ಉತ್ಸವದ ದಿನಗಳಲ್ಲಿ ಕೋಣೆಯೂ ಸಿಗದು, ರಸ್ತೆಯೂ ಬಿಡುವಿರದು. ಸಂಜೆ ಯೋಗನರಸಿಂಹನ ಬೆಟ್ಟದ ಮೆಟ್ಟಿಲು ಹತ್ತಿ ಇಳಿದರೆ ತೊಡೆಗಳು ಮರುದಿನ ನಿಮ್ಮ ಮಾತು ಕೇಳಲಾರವು. ನಾನು ಹತ್ತುವುದು ಕಲ್ಯಾಣಿಯ ಮೆಟ್ಟಿಲುಗಳನ್ನಷ್ಟೇ, ಪುಳಿಯೋಗರೆ ಮುಗಿಸಿದ ಮೇಲೆ.

ಮರಳುವ ದಿನ ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯದೆ ಒತ್ತಿ ಬಿಡುತ್ತ ಬನ್ನಿ. ಎರಡೂ ಬ್ರೇಕು ಒಟ್ಟಿಗೆ ಬಳಸಿ. ಊರು ಸೇರಿದ ಮೇಲೆ ಸ್ನಾನಕ್ಕೆ ಮೊದಲು ಗೇಟ್ ವಾಲ್ವನ್ನು ತೆರೆದು ನಲ್ಲಿಗಳ ಬುಡವನ್ನು ಒಮ್ಮೆ ನೋಡಿ, ಫ್ರೀವೀಲಿನ ಹಲ್ಲುಗಳಿಂದ ಹುರುಳಿ ನಾರನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ ತೆಗೆದು, ದಾರಿಯಲ್ಲಿ ಕೇಳಿಸಿದ ಸದ್ದುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರುವ ಗುರುವಾರದ ಚೌಕದೊಳಗೆ ಬರೆದಿಡಿ.